ಗ್ಯೋಜಾ: ತಳ ಗರಿಗರಿ, ನೆರಿಗೆ ಮೆತ್ತಗೆ

ಗ್ಯೋಜಾ ಎಂದರೆ ತೆಳು ಮೈದಾ ಹಾಳೆಯಲ್ಲಿ ಹೂರಣವಿಟ್ಟು ಮಡಿಸಿ ಬೇಯಿಸುವ ಜಪಾನಿ ತಿನಿಸು. ಮನೆಯಲ್ಲಿ ಮಾಡಿದ್ದು ಕೆಟ್ಟರೆ ಮೊದಲು ನೀರಿನ ಮೇಲೆ ಅನುಮಾನಪಡಿ. ಕಣಕಕ್ಕೆ ನೀರು ಹೆಚ್ಚಾದರೆ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಎಲೆಕೋಸಿನಲ್ಲಿ ಉಳಿದರೆ ಹೂರಣ ಸೋರುತ್ತದೆ. ಬಾಣಲೆಯಲ್ಲಿ ಇಂಗದೆ ನಿಂತರೆ ತಳ ಗರಿಯಾಗುವುದೇ ಇಲ್ಲ.

ಇದರ ಮೂಲ ಚೀನಾದ ಜಿಯಾವೊಝಿ. 1945ರಲ್ಲಿ ಯುದ್ಧ ಮುಗಿದ ಮೇಲೆ ಈಶಾನ್ಯ ಚೀನಾದ ಮಂಚೂರಿಯಾದಿಂದ ಮರಳಿದ ಜಪಾನಿಯರ ಮೂಲಕ ಜಪಾನಿನಲ್ಲಿ ಇದು ಮನೆಮಾತಾಯಿತು. ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯಾಕಿ-ಗ್ಯೋಜಾ. ಒಂದೇ ಬದಿಯನ್ನು ಕೆಂಪಗೆ ಹುರಿದು, ಉಳಿದದ್ದನ್ನು ಅದೇ ಬಾಣಲೆಯ ಹಬೆಯಲ್ಲಿ ಬೇಯಿಸುವ ಬಗೆ ಇದು. ಕೆಳಗಿನ ಅಳತೆಗೆ 24 ಆಗುತ್ತವೆ.

ಕಣಕ

200 ಗ್ರಾಂ ಮೈದಾಗೆ ಕಾಲು ಚಮಚ ಉಪ್ಪು ಬೆರೆಸಿ, ಕುದಿಯುವ ನೀರು 100 ಮಿಲಿಲೀಟರ್ ಅಳೆದು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಸೌಟಿನ ಹಿಡಿಯಿಂದ ಕಲಸಿ. ಜೋಳದ ರೊಟ್ಟಿಗೆ ಎಸರು ಹಾಕುವವರಿಗೆ ಈ ಹದ ಹೊಸದಲ್ಲ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈದಾದ ಜಿಗುಟು ಸಡಿಲಾಗುತ್ತದೆ, ಹಾಳೆ ಲಟ್ಟಿಸಿದ ಮೇಲೆ ಹಿಂದಕ್ಕೆ ಕುಗ್ಗುವುದಿಲ್ಲ. ಕೈಗೆ ತಾಳುವಷ್ಟು ಆರಿದಾಗ ಎಂಟು ಹತ್ತು ನಿಮಿಷ ನಾದಿ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿರಬೇಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

12 ಗ್ರಾಂ ತೂಗುವ ಉಂಡೆಗಳನ್ನು ಮಾಡಿ, ಒಂಬತ್ತು ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ನಡುವೆ ತುಸು ದಪ್ಪ, ಅಂಚು ತೆಳು. ನೆರಿಗೆ ಹಿಡಿದಾಗ ಅಂಚು ಎರಡು ಮೂರು ಪದರವಾಗುತ್ತದೆ, ದಪ್ಪವಿದ್ದರೆ ಅಲ್ಲಿ ಹಸಿ ಹಿಟ್ಟು ಉಳಿಯುತ್ತದೆ. ಹಾಳೆಗಳ ನಡುವೆ ಕಾರ್ನ್‌ಫ್ಲೋರ್ ಉದುರಿಸಿ.

ಹೂರಣ

150 ಗ್ರಾಂ ಎಲೆಕೋಸನ್ನು ಸಣ್ಣಗೆ ಕೊಚ್ಚಿ, ಅರ್ಧ ಚಮಚ ಉಪ್ಪು ಸವರಿ ಹತ್ತು ನಿಮಿಷ ಬಿಡಿ. ನಂತರ ಬಟ್ಟೆಯಲ್ಲಿ ಕಟ್ಟಿ, ಇನ್ನು ತೊಟ್ಟೂ ಬಾರದು ಎನ್ನುವವರೆಗೆ ಹಿಂಡಿ. ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ಏನು ಮಾಡಿದರೂ ಸರಿಹೋಗದು.

ಹಂದಿ ಮಾಂಸದ ಕೈಮಾ 200 ಗ್ರಾಂ ಬೇಕು. ಕೊಬ್ಬು ಐದರಲ್ಲೊಂದು ಪಾಲಾದರೂ ಇರಲಿ, ಬರೀ ಕೆಂಪು ಮಾಂಸ ಬೆಂದಾಗ ಒಣಗಿ ಪುಡಿಯಾಗುತ್ತದೆ. ಒಂದು ಟೇಬಲ್ ಚಮಚ ಸೋಯಾ ಸಾಸ್, ಒಂದು ಚಮಚ ತುರಿದ ಶುಂಠಿ, ಎರಡು ಎಸಳು ಬೆಳ್ಳುಳ್ಳಿ, ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ, ಒಂದೇ ದಿಕ್ಕಿಗೆ ಎರಡು ಮೂರು ನಿಮಿಷ ಕಲಸಿ. ಸಾಸಿನ ಉಪ್ಪಿಗೆ ಮಾಂಸದ ಪ್ರೋಟೀನು ಬಿಟ್ಟುಕೊಂಡು ಮಿಶ್ರಣ ಬೆರಳಿಗೆ ಅಂಟಬೇಕು. ರಸವನ್ನು ಹಿಡಿದಿಡುವುದು ಆ ಅಂಟೇ. ಆಮೇಲಷ್ಟೇ ಕೋಸು, 40 ಗ್ರಾಂ ನಿರಾ ಸೊಪ್ಪು, ಒಂದು ಟೇಬಲ್ ಚಮಚ ಎಳ್ಳೆಣ್ಣೆ ಸೇರಿಸಿ. ನಿರಾ ಬೆಳ್ಳುಳ್ಳಿ ವಾಸನೆಯ ಸೊಪ್ಪು, ಸಿಗದಿದ್ದರೆ ಈರುಳ್ಳಿ ಸೊಪ್ಪು ನಡೆಯುತ್ತದೆ. ಎಣ್ಣೆ ಮಾತ್ರ ಹುರಿದ ಎಳ್ಳಿನದೇ ಆಗಬೇಕು. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು, ಅದರಲ್ಲಿ ಆ ಘಮ ಇರುವುದಿಲ್ಲ.

ಮಾಂಸ ತಿನ್ನದವರು ಭಾರ ಹೇರಿ ನೀರು ಬಸಿದ ಗಟ್ಟಿ ತೋಫು ಮತ್ತು ಹುರಿದು ನೀರಿಂಗಿಸಿದ ಅಣಬೆ ಬಳಸಬಹುದು. ಹಿಡಿತಕ್ಕೆ ಒಂದು ಚಮಚ ಕಾರ್ನ್‌ಫ್ಲೋರ್ ಬೇಕಾಗುತ್ತದೆ.

ನೆರಿಗೆ

ಹಾಳೆಯ ನಡುವೆ ಸುಮಾರು 15 ಗ್ರಾಂ ಹೂರಣವಿಟ್ಟು, ಅರ್ಧ ಅಂಚಿಗೆ ನೀರು ಸವರಿ. ಆಕಾರ ಕರ್ಜಿಕಾಯಿಯದೇ, ಆದರೆ ನೆರಿಗೆ ಒಂದೇ ಬದಿಗೆ. ಹಿಂದಿನ ಅಂಚು ನೇರವಾಗಿರಲಿ. ಮುಂದಿನದನ್ನು ಐದಾರು ನೆರಿಗೆ ಹಿಡಿದು ಅದಕ್ಕೆ ಒತ್ತಿ. ಆಗ ಅದು ತಾನಾಗಿ ಬಾಗಿ, ತಳ ಚಪ್ಪಟೆಯಾಗಿ ಕೂರುತ್ತದೆ. ಒಳಗೆ ಗಾಳಿ ಉಳಿಸಬೇಡಿ, ಬಿಸಿಗೆ ಉಬ್ಬಿ ಒಡೆಯುತ್ತದೆ.

ಬಾಣಲೆ

ಚಪ್ಪಟೆ ತಳದ ನಾನ್‌ಸ್ಟಿಕ್ ಬಾಣಲೆಯಲ್ಲಿ ಒಂದು ಟೇಬಲ್ ಚಮಚ ಎಣ್ಣೆ ಕಾಯಿಸಿ, ಹನ್ನೆರಡನ್ನು ಜೋಡಿಸಿ, ಮಧ್ಯಮ ಉರಿಯಲ್ಲಿ ತಳ ತುಸು ಹೊಂಬಣ್ಣಕ್ಕೆ ಬರಲಿ. ಈಗ 100 ಮಿಲಿಲೀಟರ್ ಬಿಸಿನೀರು ಸುರಿದು ತಕ್ಷಣ ಮುಚ್ಚಿ. ತಣ್ಣೀರು ಹಾಕಿದರೆ ಬಾಣಲೆಯ ಕಾವು ಇಳಿದು ಹಾಳೆ ತಳಕ್ಕೆ ಹಿಡಿಯುತ್ತದೆ. ಐದು ನಿಮಿಷ ಮುಚ್ಚಳ ತೆಗೆಯಬೇಡಿ.

ಆಮೇಲೆ ಕಿವಿಗೊಟ್ಟು ಕೇಳಿ. ನೀರಿರುವಷ್ಟು ಹೊತ್ತು ಬುಳುಬುಳು ಸದ್ದು. ಅದು ಚಿಟಿಚಿಟಿಗೆ ತಿರುಗಿದರೆ ನೀರು ಮುಗಿದು ಎಣ್ಣೆ ಕೆಲಸ ಶುರುಮಾಡಿದೆ ಎಂದರ್ಥ. ಮುಚ್ಚಳ ತೆಗೆದು, ಅಂಚಿನಿಂದ ಒಂದು ಚಮಚ ಎಳ್ಳೆಣ್ಣೆ ಬಿಟ್ಟು, ಇನ್ನೆರಡು ನಿಮಿಷ ಹುರಿಯಿರಿ. ಬಾಣಲೆ ಅಲುಗಿಸಿದಾಗ ತಾವಾಗಿ ಜಾರಿದರೆ ಆಯಿತು. ಜಾರದಿದ್ದರೆ ಕೆರೆಯಬೇಡಿ, ಇನ್ನೂ ಅರ್ಧ ನಿಮಿಷ ಕಾಯಿರಿ.

ತಳದಲ್ಲಿ ಬಲೆಯಂತಹ ಗರಿ ಪದರ, ಅಂದರೆ ರೆಕ್ಕೆ, ಬೇಕೆಂದರೆ ಬಿಸಿನೀರಿನ ಬದಲು ಅಷ್ಟೇ ನೀರಿಗೆ ಎರಡು ಚಮಚ ಮೈದಾ ಕದಡಿ ಸುರಿಯಿರಿ. ಹಿಟ್ಟು ಬೇಗ ತಳಕ್ಕೆ ಇಳಿಯುವುದರಿಂದ ಸುರಿಯುವ ಮುನ್ನ ಮತ್ತೊಮ್ಮೆ ಕಲಕಿ. ಈ ನೀರು ತಣ್ಣಗಿರುವುದರಿಂದ ಸುರಿದಾಗ ಉರಿ ಏರಿಸಿ.

ಬಾಣಲೆಯ ಮೇಲೆ ತಟ್ಟೆ ಕವುಚಿ ಮಗುಚಿ, ಕೆಂಪು ಬದಿ ಮೇಲೆ ಬರಲಿ. ಜಪಾನಿನ ಹಮಾಮತ್ಸು ನಗರದಲ್ಲಿ ಸುತ್ತಲೂ ಗ್ಯೋಜಾ ಜೋಡಿಸಿ ನಡುವೆ ಬೇಯಿಸಿದ ಉದ್ದನೆಯ ಕಾಳುಮೊಳಕೆ ಇಡುತ್ತಾರೆ, ಎಣ್ಣೆಯ ಜಿಡ್ಡಿಗೆ ಅದು ಒಳ್ಳೆಯ ಜೊತೆ. ಅದ್ದಿಕೊಳ್ಳಲು ಸೋಯಾ ಸಾಸ್ ಮತ್ತು ಅಕ್ಕಿ ವಿನೆಗರ್ ಸಮಸಮ, ಮೇಲೆ ನಾಲ್ಕು ಹನಿ ಖಾರದೆಣ್ಣೆ.

ಮಡಿಸಿದ್ದನ್ನು ಹಸಿಯಾಗಿ ಫ್ರಿಜ್ಜಿನಲ್ಲಿ ಬಿಟ್ಟರೆ ತಳ ನೆನೆದು ಹರಿಯುತ್ತದೆ. ಕೂಡಲೇ ಬೇಯಿಸದಿದ್ದರೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರಿನಲ್ಲಿ ಕಲ್ಲಾಗಿಸಿ, ನಂತರ ಚೀಲಕ್ಕೆ ತುಂಬಿ. ಬೇಯಿಸುವ ದಿನ ಕರಗಿಸದೆ ಹಾಗೆಯೇ ಬಾಣಲೆಗಿಟ್ಟು, ಹಬೆಗೆ ಎರಡು ಮೂರು ನಿಮಿಷ ಹೆಚ್ಚು ಕೊಡಿ.