ಎರೆ ನೆಲದ ಹಿತ್ತಲಲ್ಲಿ ಗಜ್ಜರಿ: ಕರಿ ಹೊಟ್ಟಿನ ನನ್ನ ಅನುಭವ

ದಾವಣಗೆರೆ ಎರೆ ನೆಲದಾಗೆ, ಅಂದ್ರೆ ಜಿಗುಟು ಕಪ್ಪು ಮಣ್ಣಲ್ಲಿ, ಗಜ್ಜರಿ (ಕ್ಯಾರೆಟ್) ಬರಂಗಿಲ್ಲ ಅಂದೋರ ಮನೆಗೆಲ್ಲ ಈ ಸಲ ಒಂದೊಂದು ಕಟ್ಟು ಕಳಿಸಿದೀನಿ, ಸೊಪ್ಪಿನ ಸಮೇತ. ಗೇಣುದ್ದ, ನೆಟ್ಟಗೆ. ಒಂದೂ ಕವಲೊಡೆದಿಲ್ಲ ಅನ್ನಲ್ಲ, ನೂರಕ್ಕೆ ಹತ್ತು ಕವಲು ಬಂದಿರಬಹುದು, ಆದ್ರೆ ಮಾರ್ಕೆಟ್ ಮಾಲಿಗಿಂತ ಚೆನ್ನಾಗಿದಾವೆ ಅಂತ ಅವರೇ ಫೋನ್ ಮಾಡಿ ಹೇಳಿದ್ರು. ಹೆಂಗ್ ಮಾಡ್ದೆ ಹೆಂಗ್ ಮಾಡ್ದೆ ಅಂತ ಎಲ್ಲಾರೂ ಕೇಳ್ತಿರೋದ್ರಿಂದ ಒಂದೇ ಸಲ ಬರೆದು ಹಾಕ್ತಿದೀನಿ. ಗುಟ್ಟೆಲ್ಲ ಕರಿ ಹೊಟ್ಟಲ್ಲಿದೆ, ಅಂದ್ರೆ ಬೂದಿಯಾಗೋಕೆ ಮುಂಚೆ ಆರಿಸಿದ, ಕರ್ರಗೆ ಸುಟ್ಟ ಭತ್ತದ ಹೊಟ್ಟು. ಮಡಿ ಕಟ್ಟೋದು, ಕಾಂಪೋಸ್ಟ್ ಮಾಡೋದು ನಿಮಗೆ ಗೊತ್ತಿರೋದೇ, ಅದನ್ನ ಇಲ್ಲಿ ಎಳಿಯಲ್ಲ.

ನಮ್ದು ಊರಂಚಿನ ಲೇಔಟು, ಮೊದ್ಲು ಜೋಳದ ಹೊಲ ಇತ್ತಂತೆ. ಮನೆ ಹಿಂದೆ ಸುಮಾರು 20ಕ್ಕೆ 15 ಅಡಿ ಜಾಗ, ಎಲ್ಲಾ ಅಪ್ಪಟ ಎರೆ. ಎರೆ ನೆಲ ಇರೋರಿಗೆ ಹೇಳೋದೇ ಬೇಡ, ಮಾರ್ಚ್ ಏಪ್ರಿಲ್‌ನಲ್ಲಿ ಅಂಗೈ ಇಳಿಯೋಷ್ಟು ಬಿರುಕು, ಮಳೆ ಬಿದ್ರೆ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು. ಪಕ್ಕದ ಮನೆ ಅಜ್ಜಾರು ಜೀವಮಾನವೆಲ್ಲ ಎರೆ ಹೊಲ ಮಾಡ್ದೋರು, ಕಾಂಪೌಂಡ್ ಆ ಕಡೆಯಿಂದ ನೋಡಿ "ಎರಿ ನೆಲದಾಗ ಬಿಳಿಜೋಳ ಹಾಕು, ಕಡ್ಲಿ ಹಾಕು, ಹತ್ತಿ ಹಾಕು. ಗಜ್ಜರಿ ಯಾರು ಹಾಕ್ತಾರಪ್ಪಾ? ಗಡ್ಡಿ ಇಳಿಯಾಕ ಜಾಗ ಎಲ್ಲೈತಿ?" ಅಂತಿದ್ರು. ಅವರು ಹೇಳಿದ್ದು ಖರೆ. ಈ ನೆಲ ಒಣಗಿದಾಗ ಕುಗ್ಗುತ್ತೆ, ನೆನೆದಾಗ ಉಬ್ಬುತ್ತೆ, ನಡುವೆ ಸಿಕ್ಕಿದ ಗಡ್ಡೆ ಸೊಟ್ಟಗಾಗುತ್ತೆ, ಕವಲೊಡೆಯುತ್ತೆ, ಇಲ್ಲಾ ಹೆಬ್ಬೆಟ್ಟಿನ ಗಾತ್ರಕ್ಕೇ ನಿಂತುಬಿಡುತ್ತೆ.

ದುಡ್ಡು ಹೋದ ಕತೆ ಮೊದ್ಲು ಹೇಳ್ತೀನಿ, ನೀವು ಅದೇ ದಾರಿ ಹಿಡಿಯೋದು ಬೇಡ. ಶುರುವಲ್ಲಿ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹೊಡಿಸ್ದೆ, ಬಾಡಿಗೆ ಕೂಲಿ ಎಲ್ಲಾ ಸೇರಿ ಮೂರೂವರೆ ನಾಕು ಸಾವಿರ ಆಯ್ತು. ಒಂದು ಮಳೆಗಾಲ ಚೆನ್ನಾಗಿತ್ತು, ಆಮೇಲೆ ನೋಡಿದ್ರೆ ಮೇಲೆ ಅರ್ಧ ಅಡಿ ಕೆಂಪು, ಕೆಳಗೆ ಎರೆ, ಎರಡರ ನಡುವೆ ನೀರು ನಿಂತು ಬೇರೆಲ್ಲ ಕೊಳೀತು. ಮರಳು ಕಲಸು ಅಂತ ಒಬ್ಬರು ಹೇಳಿದ್ರು, ನಮ್ಮಂಥ ಜಿಗುಟು ಮಣ್ಣಿಗೆ ನಾಕು ಬುಟ್ಟಿ ಮರಳು ಹಾಕಿದ್ರೆ ಏನೂ ಆಗಲ್ಲ, ಬೇಸಿಗೆಗೆ ಇಟ್ಟಿಗೆ ಥರ ಗಟ್ಟಿಯಾಯ್ತು. ನಿಜವಾಗ್ಲೂ ಕೆಲಸ ಮಾಡಬೇಕಂದ್ರೆ ಅರ್ಧಕ್ಕರ್ಧ ಮರಳು ಬೇಕು, ಈಗಿನ ಮರಳಿನ ರೇಟಿಗೆ ಅದು ಆಗೋ ಮಾತಲ್ಲ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ತರಿಸ್ದೆ, ಎರಡು ಸಾವಿರದ ಹತ್ರ ಖರ್ಚು. 38 ಡಿಗ್ರಿ ಬಿಸಿಲಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಮಡಿ ಮೇಲ್ಗಡೆ ಇಲ್ಲ. ಭದ್ರಾ ನಾಲೆ ಬಂದ್ ಆದ ಟೈಮಲ್ಲಿ ನಲ್ಲಿ ನೀರು ಅಪರೂಪ, ದಿನಕ್ಕೆ ಎರಡು ಸಲ ಹಾಕೋಕೆ ಎಲ್ಲಿಂದ ತರೋದು.

ಆಮೇಲೆ ಭತ್ತದ ಹೊಟ್ಟು. ನಮ್ಮೂರಲ್ಲಿ ರೈಸ್ ಮಿಲ್ ಐತೆ, ಮಂಡಕ್ಕಿ ಭಟ್ಟಿ ಐತೆ, ಹೊಟ್ಟಿಗೆ ಬರ ಇಲ್ಲ, ಚೀಲ 30-40 ರೂಪಾಯಿಗೆ ಸಿಗೋದು. ಹಸಿ ಹೊಟ್ಟು ಕಲಸಿದ ಮಡಿಯಲ್ಲಿ ಗಿಡ ಎಲ್ಲಾ ಬಿಳಿಚಿಕೊಂಡ್ವು, ಹೊಟ್ಟು ಕೊಳೆಯೋವಾಗ ಇರೋ ಸಾರಜನಕ ಅದೇ ತಿಂದುಬಿಡುತ್ತೆ, ಮೇಲೆ ಜೊಳ್ಳಲ್ಲಿ ಉಳಿದಿದ್ದ ಭತ್ತ ಮೊಳೆತು ಕಳೆ ತೆಗೆಯೋದೇ ಕೆಲಸ ಆಯ್ತು. ಸರಿ ಅಂತ ಮಿಲ್ಲಿನ ಬಾಯ್ಲರಲ್ಲಿ ಹೊಟ್ಟು ಸುಟ್ಟ ಬೂದಿ ತಂದೆ, ಬೆಳ್ಳಗೆ ನುಣ್ಣಗೆ ಇತ್ತು, ಪುಕ್ಸಟೆ ಕೊಟ್ರು. ಅದು ಇನ್ನೂ ಕಷ್ಟಕ್ಕೆ ಬಂತು. ನಮ್ಮ ಮಣ್ಣು ಟೆಸ್ಟ್ ಮಾಡಿಸಿದಾಗ ಪಿಎಚ್ ಎಂಟರ ಮೇಲಿತ್ತು, ಅದಕ್ಕೆ ಬೂದಿ ಬೇರೆ ಬಿದ್ರೆ ಕ್ಷಾರ ಇನ್ನೂ ಏರುತ್ತೆ. ಬೆಂಡೆ, ಬೀನ್ಸ್ ಎರಡರಲ್ಲೂ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣ ಸಿಗ್ತಿಲ್ಲ ಅನ್ನೋದಕ್ಕೆ ಅದಕ್ಕಿಂತ ಗುರುತು ಬೇಕಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ವೆಜಿಟೇಬಲ್ ಸ್ಪೆಷಲ್ ಅನ್ನೋ ಸೂಕ್ಷ್ಮ ಪೋಷಕಾಂಶದ ಪುಡಿ ತಂದು, ಅವರೇ ಹೇಳೋ ಹಾಗೆ ನಿಂಬೆರಸ, ಒಂದು ಶಾಂಪೂ ಸ್ಯಾಶೆ ಹಾಕಿ ಸ್ಪ್ರೇ ಮಾಡಿದ್ಮೇಲೆ ಗಿಡ ಉಳಕೊಂಡ್ವು.

ಆದ್ರೆ ಆ ಬೂದಿ ಚೀಲದಲ್ಲೇ ನನಗೆ ದಾರಿ ಸಿಕ್ಕಿದ್ದು. ಚೀಲದ ತಳದಲ್ಲಿ ಅರ್ಧ ಸುಟ್ಟ ಹೊಟ್ಟು ಇತ್ತು, ಕರ್ರಗೆ, ಹೊಟ್ಟಿನ ಆಕಾರ ಹಂಗೇ ಉಳಿದಿತ್ತು. ಅದನ್ನ ಮೂಲೆಗೆ ಕೊಡವಿದ್ದೆ. ಆ ಜಾಗದಲ್ಲಿ ಚೆಲ್ಲಿದ್ದ ಮೆಂತ್ಯ ಮಾತ್ರ ಹಸಿರಾಗಿ ದಟ್ಟವಾಗಿ ಬಂತು, ಕಿತ್ತರೆ ಬೇರು ಮುರಿಯದೆ ಪೂರ್ತಿ ಮೇಲೆ ಬರ್ತಿತ್ತು. ಎರೆ ನೆಲದಲ್ಲಿ ಮೆಂತ್ಯದ ಬೇರು ಪೂರ್ತಿ ಕಿತ್ತು ಬರೋದನ್ನ ನಾನು ಅಲ್ಲಿಗೆ ಮುಂಚೆ ನೋಡಿರಲಿಲ್ಲ. ಅವತ್ತೇ ತೀರ್ಮಾನ ಮಾಡ್ದೆ, ಬೂದಿ ಅಲ್ಲ, ಬೇಕಾಗಿರೋದು ಕರಿ ಹೊಟ್ಟು, ಅದು ಉಬ್ಬಲ್ಲ, ಕುಗ್ಗಲ್ಲ, ಕೊಳೆಯೋಕೆ ವರ್ಷಗಟ್ಟಲೆ ಬೇಕು.

ಕರಿ ಹೊಟ್ಟು ಮನೇಲೇ ಮಾಡ್ಕೋಬಹುದು. 15 ಲೀಟರ್ ಎಣ್ಣೆ ಡಬ್ಬಕ್ಕೆ ಸುತ್ತಲೂ ಮೊಳೆಯಿಂದ ತೂತು ಹೊಡೀರಿ, ತಳ ತೆಗೀರಿ, ಮೇಲ್ಗಡೆ ಒಂದು ತಗಡಿನ ಪೈಪು ಚಿಮಣಿ ಥರ ಕೂರಿಸಿ. ಒಳಗೆ ಪುಳ್ಳೆ ತೆಂಗಿನ ಚಿಪ್ಪು ಹಾಕಿ ಬೆಂಕಿ ಮಾಡಿ, ಡಬ್ಬದ ಸುತ್ತ ಹೊಟ್ಟನ್ನ ಗುಡ್ಡೆ ಹಾಕಬೇಕು. ಉರಿ ಹೊರಗೆ ಬರಲ್ಲ, ಶಾಖ ತೂತಿನಿಂದ ಹೋಗಿ ಹೊಟ್ಟು ಒಳಗಿನಿಂದ ಕಪ್ಪಾಗ್ತಾ ಬರುತ್ತೆ. ಗುಡ್ಡೆ ಮೇಲೆ ಅಲ್ಲಲ್ಲಿ ಕರಿ ಚುಕ್ಕೆ ಕಾಣೋಕೆ ಶುರುವಾದಾಗ ಸಲಿಕೆಯಿಂದ ಕೆಳಗಿಂದು ಮೇಲೆ, ಮೇಲಿಂದು ಒಳಗೆ ತಿರುವುತ್ತಾ ಇರಬೇಕು. ನಾಕು ಚೀಲಕ್ಕೆ ಮೂರು ಗಂಟೆ ಹತ್ರ ಬೇಕು. ಇಲ್ಲಿ ಕಣ್ಣು ಆ ಕಡೆ ಈ ಕಡೆ ಹೋಗಂಗಿಲ್ಲ: ಪೂರ್ತಿ ಕಪ್ಪಾದ ತಕ್ಷಣ ಹರಡಿ ನೀರು ಹೊಡೀಬೇಕು, ಧಾರಾಳವಾಗಿ, ಕೈ ಹಾಕಿದ್ರೆ ತಣ್ಣಗನ್ನಿಸೋವರೆಗೆ. ಮೇಲೆ ಆರಿದಂಗೆ ಕಂಡ್ರೂ ಒಳಗೆ ಕೆಂಡ ಇರುತ್ತೆ, ಹಂಗೇ ಬಿಟ್ಟು ಮಲಗಿದ್ರೆ ಬೆಳಿಗ್ಗೆ ಎದ್ದಾಗ ಬಿಳಿ ಬೂದಿ. ನಾಕು ಚೀಲ ಹೊಟ್ಟಿಗೆ ಎರಡೂವರೆ ಚೀಲ ಕರಿ ಹೊಟ್ಟು ಸಿಗುತ್ತೆ, ತೂಕ ಬಹಳ ಕಮ್ಮಿ. ಹೊಗೆ ಜಾಸ್ತಿ, ಬಟ್ಟೆ ಒಣಗಾಕೋ ಟೈಮಲ್ಲಿ ಮಾಡಬೇಡಿ, ಅಕ್ಕಪಕ್ಕದೋರಿಗೆ ಮೊದ್ಲೇ ಹೇಳಿ.

ಇದನ್ನ ಒಣ ಒಣ ತಂದು ಮಣ್ಣಿಗೆ ಸುರಿಯೋದಲ್ಲ. ಎರಡು ಮೂರು ಸಲ ನೀರು ಹಾಯ್ಸಿ ತೊಳೀರಿ, ಇರೋ ಚೂರುಪಾರು ಕ್ಷಾರ ಹೋಗ್ಲಿ. ಆಮೇಲೆ ಸಗಣಿ ಬಗ್ಗಡ, ಬೆಲ್ಲ, ಹುಳಿ ಮಜ್ಜಿಗೆ, ಇನ್ನೊಂದು ಐಟಂ ಹಾಕಿ ಗೋಣಿಚೀಲ ಮುಚ್ಚಿ ಹದಿನೈದಿಪ್ಪತ್ತು ದಿನ ನೆರಳಲ್ಲಿ ಇಡ್ತೀನಿ. ಆ ಇನ್ನೊಂದು ಐಟಂ ಏನು ಅಂತ ಇಲ್ಲಿ ಬರಿಯಲ್ಲ, ಮನೆಗೆ ಬಂದೋರಿಗೆ ತೋರಿಸ್ತೀನಿ. ಅದಿಲ್ಲದೆಯೂ ಮುಕ್ಕಾಲು ಪಾಲು ರಿಸಲ್ಟ್ ಬರುತ್ತೆ.

ಕಲಸೋಕೆ ಹದ ನೋಡ್ಬೇಕು, ನನ್ನ ಪ್ರಕಾರ ಅರ್ಧ ಕೆಲಸ ಇದೇ. ಒಣಗಿದಾಗ ಹಾರೆಗೂ ಬಗ್ಗಲ್ಲ, ಹಸಿ ಇದ್ದಾಗ ಅಗೆದ್ರೆ ಹೆಂಟೆ ಬಿದ್ದು ಆ ಹೆಂಟೆ ಒಣಗಿ ಕಲ್ಲಾಗುತ್ತೆ. ಮಳೆ ನಿಂತು ಮೂರು ನಾಕು ದಿನಕ್ಕೆ ಒಂದು ಮುಷ್ಟಿ ಹಿಡಿದು ಬಿಡಿ, ಉಂಡೆ ಕಟ್ಟಿ ಬೆರಳಲ್ಲಿ ಒತ್ತಿದ್ರೆ ಪುಡಿಯಾಗಬೇಕು. ಆ ಹದ ಎರಡು ದಿನ ಸಿಕ್ರೆ ಹೆಚ್ಚು. ರಜೆ ಹಾಕಿ ಆದ್ರೂ ಆ ಎರಡು ದಿನದಲ್ಲಿ ಒಂದು ಅಡಿ ಆಳ ಅಗೆದು ಕಲಸಿ ಮುಗಿಸಿ. ಎರಡು ಪಾಲು ಮಣ್ಣು, ಒಂದು ಪಾಲು ಕರಿ ಹೊಟ್ಟು, ಒಂದು ಪಾಲು ಹಳೇ ಕಾಂಪೋಸ್ಟ್. ಹಸಿ ಗೊಬ್ಬರ ಗಜ್ಜರಿಗೆ ಬೇಡವೇ ಬೇಡ, ಹಾಕಿದ್ರೆ ಗ್ಯಾರಂಟಿ ಕವಲು.

ಬಿತ್ತನೆ ಹಸ್ತಾ ಮಳೆ ಆದ್ಮೇಲೆ, ಅಕ್ಟೋಬರ್ ಕೊನೆ. ನಮ್ಮ ಸೆಕೆಗೆ ಪೂಸಾ ಕೇಸರ್ ಅನ್ನೋ ತಳಿ ಹಾಕಿದೆ, ನಾಂಟೀಸ್ ಅನ್ನೋ ಇನ್ನೊಂದು ತಳಿಯ ಪ್ಯಾಕೆಟ್ ಕೂಡ ಒಂದು ಸಾಲು ಹಾಕಿ ನೋಡಿದೆ, ಕಾಯಿಲೆ ಬಿದ್ದಂಗೆ ನಿಧಾನಕ್ಕೆ ಬಂತು. ಬೀಜ ಮೊಳೆಯೋವರೆಗೆ ಹತ್ತು ಹದಿನೈದು ದಿನ ಮೇಲ್ಮಣ್ಣು ಒಣಗಬಾರದು, ಒದ್ದೆ ಗೋಣಿಚೀಲ ಹಾಸಿ ಏಳನೇ ದಿನದಿಂದ ದಿನಾ ಎತ್ತಿ ನೋಡ್ಬೇಕು, ಮೊಳಕೆ ಕಂಡ ದಿನವೇ ಚೀಲ ತೆಗೆದುಬಿಡಿ. ಎರಡಂಗುಲಕ್ಕೊಂದು ಉಳಿಸಿ ಬಾಕಿ ಕಿತ್ತಾಕಿ, ಎಳೆ ಸೊಪ್ಪು ಪಲ್ಯಕ್ಕಾಗುತ್ತೆ. ತೊಂಬತ್ತು ನೂರು ದಿನಕ್ಕೆ ರೆಡಿ. ಹತ್ತಡಿ ಉದ್ದ ನಾಕಡಿ ಅಗಲದ ಮಡಿಯಲ್ಲಿ ಹತ್ತು ಹನ್ನೊಂದು ಕೆಜಿ ಬಂದಿರಬಹುದು, ತೂಕ ಹಾಕೋಕೆ ಮುಂಚೆ ಮಕ್ಕಳು ತಿಂದಿದ್ದು ಬೇರೆ. ಕೀಳೋ ದಿನ ಪಕ್ಕದ ಅಜ್ಜಾರೇ ಬಂದು ಒಂದು ಕಿತ್ತರು, ಪಂಚೆಗೆ ಒರೆಸಿ ಕಡಿದ್ರು, "ಸಿಹಿ ಐತಿ" ಅಂದ್ರು. ಈಗ ಅವರ ಹಿತ್ತಲಿಗೂ ಎರಡು ಚೀಲ ಕರಿ ಹೊಟ್ಟು ಹೋಗಿದೆ.

ಲೆಕ್ಕ ಹೇಳ್ಬೇಕಂದ್ರೆ ಹಳೇ ಪ್ರಯೋಗಗಳಿಗೆಲ್ಲ ಎಂಟು ಒಂಬತ್ತು ಸಾವಿರ ಹೋಗಿರಬೇಕು. ಕರಿ ಹೊಟ್ಟಿನ ಮಡಿಗೆ ಹೊಟ್ಟು, ಲಗೇಜ್ ಆಟೋ, ಬೀಜ ಎಲ್ಲಾ ಸೇರಿ ಸಾವಿರದ ಇನ್ನೂರರ ಆಜುಬಾಜು. ಹತ್ತು ಕೆಜಿ ಗಜ್ಜರಿಯಿಂದ ಅದು ವಾಪಸ್ ಬರಲ್ಲ, ಆದ್ರೆ ಆ ಮಡಿ ಇನ್ನು ಹಂಗೇ ಇರುತ್ತೆ, ಪ್ರತಿ ವರ್ಷ ಮೇಲೆ ಕಾಂಪೋಸ್ಟ್ ಅಷ್ಟೇ. ನೀರೂ ಕಮ್ಮಿ, ಮೊದ್ಲು ದಿನಾ ಹಾಕ್ತಿದ್ದೆ, ಈಗ ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ ಸಾಕು.

ಉಳಿದಿದ್ದ ಕರಿ ಹೊಟ್ಟಲ್ಲಿ ಏನೇನೋ ಮಾಡಿ ನೋಡಿದೆ. ಗುಲಾಬಿ ಕಡ್ಡಿ ಬರೀ ಕರಿ ಹೊಟ್ಟಲ್ಲಿ ನೆಟ್ರೆ ಮಣ್ಣಿಗಿಂತ ಬೇಗ ಬೇರು ಬಿಡುತ್ತೆ, ನಮ್ಮನೇಲಿ ಹತ್ತರಲ್ಲಿ ಏಳು ಹಿಡಿದ್ವು. ಚೀಲದಲ್ಲಿ ಆಲೂಗಡ್ಡೆ ಹಾಕಿದ್ದು ಲಾಭ ಇಲ್ಲ, ಗೋಲಿ ಸೈಜಿಗೆ ನಿಂತ್ವು, ನಮ್ಮ ಸೆಕೆಗೆ ಅದು ಆಗಲ್ಲ. ಟೊಮೆಟೊ ಅರ್ಕಾ ರಕ್ಷಕ್ ತಳಿ ಹಾಕಿದ್ದೆ, ಎಲೆ ಮುಟುರು ಬರ್ಲಿಲ್ಲ, ಸೊರಗು ರೋಗವೂ ಇಲ್ಲ, ನಾಕು ಗಿಡದಲ್ಲಿ ಮನೆಗೆ ಸಾಕಾಗಿ ಹಂಚಿದ್ವಿ. ಕಡ್ಲೆ ಮಾತ್ರ ಕರಿ ಹೊಟ್ಟು ಹಾಕದ ಬರೀ ಎರೆಯಲ್ಲೇ ಚೆನ್ನಾಗಿ ಬಂತು, ಚಳಿ ಇಬ್ಬನಿಗೆ ಹುಳಿ ಕೂತ ಕಡ್ಲೆ ಸೊಪ್ಪನ್ನ ಚಿವುಟಿ ಅಲ್ಲೇ ತಿನ್ನೋ ರುಚಿ ಯಾವ ಮಾರ್ಕೆಟ್ಟಲ್ಲೂ ಸಿಗಲ್ಲ. ಅದಕ್ಕೇ ಹಿತ್ತಲ ಒಂದು ಮೂಲೆ ಎರೆಯಾಗೇ ಬಿಟ್ಟಿದೀನಿ.

ತಿನ್ನೋ ವಿಷಯ ಬಂದ್ರೆ, ಕಿತ್ತ ಹತ್ತು ನಿಮಿಷದಲ್ಲಿ ತುರಿದು ಹಸಿಮೆಣಸಿನಕಾಯಿ, ಕೊತ್ತಂಬರಿ, ಶೇಂಗಾ ಪುಡಿ ಹಾಕಿ ಪಚಡಿ ಮಾಡಿ ಬಿಸಿ ರೊಟ್ಟಿ ಜೊತೆ ಕೊಡಿ, ಮನೇಲಿ ಯಾರೂ ಮಾತಾಡಲ್ಲ. ಸಂಜೆ ಖಾರ ಮಂಡಕ್ಕಿ ಮೇಲೆ ಅದೇ ತುರಿ, ಈರುಳ್ಳಿ, ಪಕ್ಕದಲ್ಲಿ ಮಿರ್ಚಿ. ಹೊಸ ಗಜ್ಜರಿ ತುರಿಯೋವಾಗ ಬರೋ ವಾಸನೆಗೇ ನಮ್ಮನೆ ಸಣ್ಣೋನು ಅಡುಗೆಮನೆಗೆ ಓಡಿ ಬರ್ತಾನೆ.

ಕೊನೇದಾಗಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಹೊರಗಿಂದ ಕರಿ ಹೊಟ್ಟು, ಬೂದಿ ತರೋದಾದ್ರೆ ಏನು ಸುಟ್ಟಿದ್ದು ಅಂತ ಕೇಳದೆ ತರಬೇಡಿ. ಟೈರ್, ಪ್ಲಾಸ್ಟಿಕ್ಕು, ರಬ್ಬರ್ ಕಸ ಸೇರಿಸಿ ಉರಿಸಿದ ಕಡೆಯ ಬೂದಿ ತಿನ್ನೋ ಗಿಡಕ್ಕೆ ವಿಷ, ಅದು ಪುಕ್ಸಟೆ ಕೊಟ್ರೂ ಬೇಡ. ಹೊಟ್ಟು ಮಾತ್ರ ತಂದು ನೀವೇ ಸುಡಿ, ಮೂರು ಗಂಟೆ ಕೆಲಸ. ನಾನು ಬೀಟ್ರೂಟಿಗೆ ಇನ್ನೊಂದು ಮಡಿ ರೆಡಿ ಮಾಡ್ತಿದೀನಿ, ನಾಕು ಚೀಲ ಹೊಟ್ಟು ಆಗ್ಲೇ ತಂದು ಮಾಳಿಗೆ ಮೆಟ್ಟಿಲ ಕೆಳಗೆ ಇಟ್ಟಿದೀನಿ, ಈ ಭಾನುವಾರ ಸುಡೋದು.