ಹಳೇ ಲಗ್ನಪತ್ರಿಕೆಯಲ್ಲಿ ಮಕ್ಕಳ ಪಜಲ್

ಅಂಗಡಿಯಿಂದ ತಂದ ಪಜಲ್ ಅನ್ನು ಮಕ್ಕಳು ಎರಡು ದಿನ ಆಡಿ ಮೂಲೆಗೆ ಹಾಕುತ್ತಾರೆ. ತಾವೇ ಬರೆದ ಚಿತ್ರ ತುಂಡುಗಳಾಗಿ ಮತ್ತೆ ಕೂಡಿಕೊಳ್ಳುವುದನ್ನು ನೋಡಿದರೆ ಮಾತ್ರ ಬಿಡುವುದೇ ಇಲ್ಲ. ಇದಕ್ಕೆ ಬೇಕಾದ ಸಾಮಾನೆಲ್ಲ ಹೆಚ್ಚುಕಡಿಮೆ ಮನೆಯಲ್ಲೇ ಇರುತ್ತದೆ.

ಮೊದಲು ರಟ್ಟು ಹುಡುಕಿ. ದಪ್ಪ ಲಗ್ನಪತ್ರಿಕೆ ತುಂಬಾ ಒಳ್ಳೆಯದು. ದೇವರ ಚಿತ್ರ ಇರುವ ಭಾಗವನ್ನು ಬೇರೆ ತೆಗೆದಿಡಿ, ಉಳಿದದ್ದು ಸಾಕು. ಶೂ ಡಬ್ಬಿ, ಹಳೇ ನೋಟ್‌ಬುಕ್ಕಿನ ಗಟ್ಟಿ ರಟ್ಟು ಕೂಡ ಆಗುತ್ತದೆ. ಪಾರ್ಸಲ್ ಡಬ್ಬಿಯ ಪದರದ ರಟ್ಟು ಬೇಡ. ಕತ್ತರಿಸುವಾಗ ಅದರ ಅಂಚು ಜಜ್ಜಿಹೋಗುತ್ತದೆ, ತುಂಡುಗಳು ಸರಿಯಾಗಿ ಕೂರುವುದಿಲ್ಲ.

ಚಿತ್ರವನ್ನು ಮಗುವೇ ಬರೆಯಲಿ. ಹಾಳೆಯ ತುಂಬಾ ಬಣ್ಣ ಇರಬೇಕು, ಅದೊಂದೇ ಷರತ್ತು. ಅರ್ಧ ಹಾಳೆ ಬರೀ ನೀಲಿ ಆಕಾಶವಾದರೆ ಯಾವ ತುಂಡು ಎಲ್ಲಿಗೆ ಅಂತ ಗೊತ್ತಾಗದೆ ಮಗು ಬೇಸರಪಟ್ಟುಕೊಳ್ಳುತ್ತದೆ. ಆಕಾಶದಲ್ಲಿ ಹಕ್ಕಿ, ಗಾಳಿಪಟ, ಮೋಡ ಸೇರಿಸಲು ಹೇಳಿ.

ಅಂಟಿಗೆ ಫೆವಿಕಾಲ್ ಇದ್ದರೆ ಸರಿ. ಇಲ್ಲದಿದ್ದರೆ ಎರಡು ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕೈಯಾಡಿಸಿ. ಪೋಸ್ಟರ್ ಅಂಟಿಸುವವರು ಹುಳ ಬರದಿರಲಿ ಎಂದು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳ ಆಟದ ಸಾಮಾನಿಗೆ ಖಂಡಿತ ಬೇಡ.

ಅಂಟನ್ನು ತೆಳ್ಳಗೆ ಸವರಿ, ಚಿತ್ರವನ್ನು ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಿಂದ ಒತ್ತುತ್ತಾ ಬನ್ನಿ. ನಾವು ಮಾಡಿದ ಮೊದಲ ಪಜಲ್ ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಒಂದೇ ಕಡೆ ಕಾಗದ ಅಂಟಿಸಿದರೆ ಅದು ಒಣಗುವಾಗ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಆಮೇಲಿಂದ ಹಿಂಭಾಗಕ್ಕೂ ಒಂದು ಬಿಳಿ ಹಾಳೆ ಅಂಟಿಸಿ, ಭಾರದ ಪುಸ್ತಕಗಳ ಕೆಳಗೆ ಇಡೀ ರಾತ್ರಿ ಇಡುತ್ತೇವೆ. ಈ ಕಾಯುವಿಕೆ ಮಕ್ಕಳಿಗೆ ಕಷ್ಟವೇ. ಆದರೆ ಹಸಿಯಿರುವಾಗ ಕತ್ತರಿಸಿದರೆ ಕಾಗದ ಹರಿದುಹೋಗುತ್ತದೆ.

ಕತ್ತರಿಸುವ ಮೊದಲು ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿಕೊಳ್ಳಿ. ಅಂಗಡಿ ಪಜಲ್‌ನಲ್ಲಿರುವ ಗುಂಡುಮೂತಿಯ ಕೊಂಡಿಗಳನ್ನು ಕತ್ತರಿಯಲ್ಲಿ ಮಾಡಲು ಹೋಗಬೇಡಿ, ಅವು ಬೇಗ ಮುರಿಯುತ್ತವೆ. ಹಾವಿನ ನಡಿಗೆಯಂಥ ಅಂಕುಡೊಂಕು ಗೆರೆಗಳೇ ಸಾಕು. ಮೂರು ವರ್ಷದ ಮಗುವಿಗೆ ನಾಲ್ಕೇ ತುಂಡು, ಐದು ವರ್ಷಕ್ಕೆ ಹತ್ತು ಹನ್ನೆರಡು, ಏಳೆಂಟು ವರ್ಷಕ್ಕೆ ಇಪ್ಪತ್ತನಾಲ್ಕು ಮಾಡಿ ನೋಡಿ. ಸುಲಭ ಅನ್ನಿಸಿದರೆ ಒಂದು ತುಂಡನ್ನು ಮತ್ತೆ ಎರಡು ಮಾಡಬಹುದು, ಅಲ್ವಾ? ಪುಟ್ಟ ಮಕ್ಕಳಿರುವ ಮನೆಯಲ್ಲಿ ಪ್ರತಿ ತುಂಡೂ ಬಾಯಿಗೆ ಹೋಗದಷ್ಟು ದೊಡ್ಡದಿರಲಿ.

ಐಸ್‌ಕ್ರೀಮ್ ಕಡ್ಡಿಗಳಲ್ಲಿ ಇನ್ನೂ ಸುಲಭ. ಹತ್ತು ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿ ಹಿಂದೆ ಟೇಪ್ ಹಚ್ಚಿ, ಮುಂದೆ ಚಿತ್ರ ಬರೆಸಿ. ಟೇಪ್ ಕಿತ್ತರೆ ಪಜಲ್ ಸಿದ್ಧ. ಕಡ್ಡಿಗಳ ತುದಿಯಲ್ಲಿ ೧ರಿಂದ ೧೦ರವರೆಗೆ ಕನ್ನಡ ಅಂಕಿ ಬರೆದರೆ ಅದೂ ಬಾಯಿಗೆ ಬರುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕರ್ನಾಟಕದ ಮ್ಯಾಪ್. ಪಜಲ್ ಶುರುವಾದದ್ದೂ ಹೀಗೆಯೇ. 1760ರ ದಶಕದಲ್ಲಿ ಲಂಡನ್ನಿನಲ್ಲಿ ಮ್ಯಾಪ್ ಮಾಡುತ್ತಿದ್ದ ಜಾನ್ ಸ್ಪಿಲ್ಸ್‌ಬರಿ ಎಂಬುವರು ಮರದ ಹಲಗೆಗೆ ಮ್ಯಾಪ್ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದರು. ಶಾಲೆ ಮಕ್ಕಳಿಗೆಂದು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಜಿಲ್ಲಾ ಗಡಿಗಳ ಮ್ಯಾಪ್ ತನ್ನಿ. ಒಂದೇ ಸಲಕ್ಕೆ 31 ಜಿಲ್ಲೆ ಜಾಸ್ತಿಯಾಗುತ್ತದೆ. ಮೊದಲು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಿಗೆ ನಾಲ್ಕು ಬಣ್ಣ ಹಚ್ಚಿ ನಾಲ್ಕು ತುಂಡು ಮಾಡಿ. ಅದು ರೂಢಿಯಾದ ಮೇಲೆ ಜಿಲ್ಲೆಗಳಾಗಿ ಕತ್ತರಿಸಿ. ಮೇಲ್ತುದಿಗೆ ಬೀದರ್, ಕೆಳತುದಿಗೆ ಚಾಮರಾಜನಗರ, ಎಡಕ್ಕೆ ಕಡಲಂಚಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ. ಇಷ್ಟು ಕೂರಿಸಿದರೆ ಒಳಗಿನವು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ. ಅಜ್ಜಿಯ ಊರಿರುವ ತುಂಡಿಗೆ ಒಂದು ಹಣೆಬೊಟ್ಟು ಅಂಟಿಸಿ. ಮಕ್ಕಳು ಮೊದಲು ಅದನ್ನೇ ಹುಡುಕುತ್ತಾರೆ.

ಪ್ರತಿ ಪಜಲ್‌ನ ತುಂಡುಗಳ ಹಿಂದೆ ಒಂದೊಂದು ಗುರುತು ಹಾಕಿ, ಒಂದಕ್ಕೆ ಚುಕ್ಕಿ, ಇನ್ನೊಂದಕ್ಕೆ ಎಲೆ. ಆಗ ಎರಡು ಪಜಲ್ ಬೆರೆತರೂ ಬೇರೆ ಮಾಡಬಹುದು. ತುಂಡು ಕಳೆದುಹೋದರೆ ಇಡೀ ಪಜಲ್ ಎಸೆಯಬೇಡಿ. ಉಳಿದದ್ದನ್ನು ಹೊಸ ರಟ್ಟಿನ ಮೇಲೆ ಜೋಡಿಸಿ, ಖಾಲಿ ಜಾಗದ ಅಂಚಿಗೆ ಪೆನ್ಸಿಲ್ ಆಡಿಸಿ, ಆ ಆಕಾರ ಕತ್ತರಿಸಿಕೊಡಿ. ಅದರ ಮೇಲೆ ಏನು ಬರೆಯಬೇಕು ಅನ್ನುವುದನ್ನು ಮಗು ಹೇಳುತ್ತದೆ.