ಅಡ್ಡಹೆಸರು ಇಡುವ ಕೆಲಸ ನನ್ನ ಪಾಲಿಗೆ ಬಂದಾಗ

ನಮ್ಮ ಫೈಟರ್ ಸ್ಕ್ವಾಡ್ರನ್‌ನಲ್ಲಿ ಹೊಸ ಪೈಲಟ್‌ಗಳಿಗೆ ಅಡ್ಡಹೆಸರು ಇಡುವ ಕೂಟವನ್ನು ಕೆಲವು ವರ್ಷ ನಾನೇ ನಡೆಸಿದೆ. ಗಟ್ಟಿ ನಿಯಮ ಅಂತ ಇದ್ದದ್ದು ಒಂದೇ: ನಿಮ್ಮ ಹೆಸರನ್ನು ನೀವೇ ಆರಿಸಿಕೊಳ್ಳುವಂತಿಲ್ಲ. 'ನನ್ನನ್ನು ಟೈಗರ್ ಅನ್ನಿ' ಅಂತ ಕೇಳಿಕೊಂಡವನಿಗೆ ಕಿಟನ್, ಅಂದರೆ ಬೆಕ್ಕಿನ ಮರಿ ಅಂತಲೇ ಇಟ್ಟೆವು.

ಬಂದ ಕೂಡಲೇ ಯಾರಿಗೂ ಹೆಸರಿಡುತ್ತಿರಲಿಲ್ಲ. ಕೆಲವು ತಿಂಗಳು ಜೊತೆಗೆ ಹಾರಲಿ, ಎಲ್ಲಾದರೂ ಎಡವಲಿ ಅಂತ ಕಾಯುತ್ತಿದ್ದೆವು. ಎಡವದವರು ಯಾರೂ ಇಲ್ಲ ಬಿಡಿ. ಹಾರಾಟದ ನಂತರದ ಡಿಬ್ರೀಫಿಂಗ್‌ನಲ್ಲಿ ಕಿವಿ ತೆರೆದು ಕೂತರೆ ಸಾಕು, ಬೇಕಾದಷ್ಟು ಸಿಗುತ್ತದೆ. ಲೀಡರ್ ಹೇಳಿದ್ದನ್ನೆಲ್ಲ ರೇಡಿಯೊದಲ್ಲಿ ಎರಡೆರಡು ಸಲ ಒಪ್ಪಿಸುತ್ತಿದ್ದವನೊಬ್ಬ 'ಎಕೊ' ಆದ.

ಕೂಟದ ದಿನ ಹೊಸಬನನ್ನು ಹೊರಗೆ ನಿಲ್ಲಿಸಿ ಒಬ್ಬೊಬ್ಬರೇ ಕಥೆ ಹೇಳುತ್ತಾರೆ. ಕಥೆಯಲ್ಲಿ ಸ್ವಲ್ಪ ನಿಜ ಇದ್ದರೆ ಸಾಕು, ಉಳಿದದ್ದು ಮಸಾಲೆ. ಯಾವ ಹೆಸರಿಗೆ ಗದ್ದಲ ಜಾಸ್ತಿಯೋ ಅದೇ ಗೆಲ್ಲುತ್ತದೆ. ಆದರೆ ಕೊನೆಯ ಮಾತು ನನ್ನದು. ಯಾಕಂದ್ರೆ ಈ ಹೆಸರು ಸುಮ್ನೆ ತಮಾಷೆಗಲ್ಲ. ವಿಮಾನಗಳ ತಂಡಕ್ಕೆ ಆ ಹಾರಾಟದ ಮಟ್ಟಿಗೆ ಬೇರೆಯೇ ಕರೆಹೆಸರು, ಅದರ ಮುಂದೆ ಒಂದು ಸಂಖ್ಯೆ ಇರುತ್ತದೆ, ನಿಜ. ಅವಸರದಲ್ಲಿ ಬಾಯಿಗೆ ಬರುವುದು ಮಾತ್ರ ಅಡ್ಡಹೆಸರೇ. 'ಬಲಕ್ಕೆ ತಿರುಗು' ಅನ್ನುವ ಮಾತು ಸರಿಯಾದ ಕಿವಿಗೆ ತಲುಪಬೇಕಲ್ವಾ? ಅದಕ್ಕೇ ಹೆಸರು ಚಿಕ್ಕದಿರಬೇಕು, ಇನ್ನೊಬ್ಬರ ಹೆಸರಿನಂತೆ ಕೇಳಿಸಬಾರದು.

ಒಬ್ಬ ಯಾವಾಗಲೂ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಇಳಿಯುತ್ತಿದ್ದ. ಎಲ್ಲರೂ 'ಬಿಂಗೊ' ಅಂತ ಕೂಗಿದರು. ನಾನು ಒಪ್ಪಲಿಲ್ಲ. ರೇಡಿಯೊದಲ್ಲಿ ಬಿಂಗೊ ಅಂದರೆ ವಾಪಸ್ ಹೊರಡಲೇಬೇಕಾದಷ್ಟು ಇಂಧನ ಮಾತ್ರ ಉಳಿದಿದೆ ಅಂತ ಅರ್ಥ. ಅವನನ್ನು ಕರೆದಾಗಲೆಲ್ಲ ಉಳಿದವರು ಇಂಧನದ ಮುಳ್ಳು ನೋಡಬೇಕಾಗುತ್ತಿತ್ತು! ಜೋಕರ್, ಬ್ಯಾಂಡಿಟ್, ಬೋಗಿ, ಫಾಕ್ಸ್, ಇವೂ ರೇಡಿಯೊದ ಸಂಕೇತಪದಗಳೇ, ಇದೇ ಕಾರಣಕ್ಕೆ ಹೊರಗೆ. ಅವನು ಕೊನೆಗೆ 'ಡ್ರಿಪ್' ಆದ. ಜಾತಿ, ಮನೆಯವರು, ಮೈಬಣ್ಣದ ಮೇಲಿನ ಹೆಸರುಗಳನ್ನು ಚರ್ಚೆಗೂ ಬಿಡುತ್ತಿರಲಿಲ್ಲ.

ಹಳಬರ ಹೆಸರುಗಳನ್ನೂ ಹೊಸಬರಿಗೆ ಹೇಳುತ್ತಿದ್ದೆ. ಎರಡನೇ ಮಹಾಯುದ್ಧದ ಅಮೆರಿಕನ್ ಪೈಲಟ್ ಬಾಯಿಂಗ್ಟನ್‌ಗೆ ಆಗಿನ್ನೂ ಮೂವತ್ತರ ಆಸುಪಾಸು. ಅವರ ಕೈಕೆಳಗಿನ ಪೈಲಟ್‌ಗಳು ಅವರಿಗಿಂತ ಚಿಕ್ಕವರು, ಹಾಗಾಗಿ 'ಗ್ರ್ಯಾಂಪ್ಸ್', ಅಂದರೆ ಅಜ್ಜ ಅಂತ ಕರೆದರು. ಪತ್ರಿಕೆಯವರು ಅದನ್ನು 'ಪ್ಯಾಪಿ' ಮಾಡಿದರು, ಅದೇ ಉಳಿಯಿತು. ಬ್ರಿಟನ್ನಿನ ಜಾನ್ ಕನಿಂಗ್‌ಹ್ಯಾಮ್ ರಾತ್ರಿ ಹೊತ್ತು ಶತ್ರು ವಿಮಾನಗಳನ್ನು ಉರುಳಿಸುತ್ತಿದ್ದರು. ಅದರಲ್ಲಿ ವಿಮಾನದ ರೇಡಾರ್‌ನ ಪಾಲು ದೊಡ್ಡದು. ಆ ಗುಟ್ಟು ಮುಚ್ಚಿಡಲು ಅವರ ಕಣ್ಣೇ ಅಷ್ಟು ಚುರುಕು ಅಂತ ಹೇಳಿದ್ದರಿಂದ 'ಕ್ಯಾಟ್ಸ್ ಐಸ್', ಅಂದರೆ ಬೆಕ್ಕಿನ ಕಣ್ಣು ಅನ್ನುವ ಹೆಸರು ಅಂಟಿಕೊಂಡಿತು. ಅವರಿಗೆ ಅದು ಹಿಡಿಸಿರಲಿಲ್ಲ.

ಹಿಡಿಸದವರು ನಮ್ಮಲ್ಲೂ ಇದ್ದರು. ಬೇರೆ ಸ್ಕ್ವಾಡ್ರನ್‌ಗೆ ಹೋದಾಗ ಬದಲಾಯಿಸಿಕೊಳ್ಳಬಹುದು ಅನ್ನುವುದು ಅವರ ಆಸೆ. ಆದರೆ ಅಲ್ಲಿಗೆ ನಮ್ಮವರದೇ ಫೋನ್ ಮೊದಲು ಹೋಗಿರುತ್ತಿತ್ತು.